ಅಡಿಕೆ ಹಾಳೆ, ಕೆಮ್ಮಣ್ಣು, ಹುಳಿ ಮಜ್ಜಿಗೆ: ಮಳೆಗಾಲ ದಾಟಿದ ಚಿತ್ರಗಳು

ಅಡಿಕೆ ಹಾಳೆ ಮೇಲೆ ಮಣ್ಣಿನ ಬಣ್ಣ ನಿಲ್ಲುವುದಿಲ್ಲ ಎನ್ನುವವರು ನಮ್ಮ ತೀರ್ಥಹಳ್ಳಿ ಕಡೆ ಕಡಿಮೆಯಿಲ್ಲ. ನಿಂತರೂ ಪುನರ್ವಸು ಮಳೆಗೆ ಬೂಷ್ಟು ಹಿಡಿಯುತ್ತದೆ, ಆಶ್ಲೇಷ ಬರುವಷ್ಟರಲ್ಲಿ ಬಚ್ಚಲ ಒಲೆ ಸೇರುತ್ತದೆ ಎಂಬುದು ಅವರ ಲೆಕ್ಕ. ಚಿತ್ರ ಬಲ್ಲವರೂ ಹಾಗೇ ಅಂದರು, ತೋಟ ಬಲ್ಲವರೂ ಹಾಗೇ ಅಂದರು. ಈಗ ಆಗುಂಬೆ ದಾರಿಯ ಮನೆಯೊಂದರ ತೆರೆದ ಜಗಲಿಯಲ್ಲಿ, ಗಾಜಿನ ರಕ್ಷಣೆಯಿಲ್ಲದೆ, ಎರಡು ಮಳೆಗಾಲ ಕಳೆದ ಹಾಳೆಗಳು ತೂಗುತ್ತಿವೆ. ಒದ್ದೆ ಬೆರಳಿನಿಂದ ಉಜ್ಜಿದರೂ ಕೆಂಪು ಅಂಟುವುದಿಲ್ಲ. ಅನುಮಾನಪಟ್ಟವರಲ್ಲೇ ಕೆಲವರು ಈಗ ಹಾಳೆ ಹೊತ್ತು ತಂದು ವಿಧಾನ ಕೇಳುತ್ತಿದ್ದಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದು ಇಲ್ಲಿ ಒಟ್ಟಿಗಿದೆ. ಗೆರೆ ಎಳೆಯಲು, ಬಣ್ಣ ಅರೆಯಲು ಬರುವವರಿಗೆ ಬರೆದಿದ್ದು. ಅದನ್ನು ಮೊದಲಿನಿಂದ ಹೇಳಲು ಹೋಗುವುದಿಲ್ಲ. ಅಳತೆಗಳೆಲ್ಲ ನೆನಪಿನವು, ಹೆಚ್ಚುಕಮ್ಮಿ ಇರುತ್ತವೆ.

ಹಾಳೆಯಿಂದ ಶುರು ಮಾಡೋಣ. ಜನವರಿಯಿಂದ ಮಾರ್ಚ್ ನಡುವೆ ತಾನಾಗಿ ಬಿದ್ದ ಹಾಳೆ ಆಗಬೇಕು, ಬಿದ್ದು ಎರಡು ದಿನದೊಳಗೆ ಹೆಕ್ಕಬೇಕು. ಇಬ್ಬನಿಯಲ್ಲಿ ವಾರ ಬಿದ್ದಿದ್ದರೆ ಒಳಗೆ ಕಪ್ಪು ಚುಕ್ಕಿ ಕೂತಿರುತ್ತದೆ, ಅದು ಯಾವ ಮದ್ದಿಗೂ ಹೋಗುವುದಿಲ್ಲ. ಮಳೆಗಾಲದ ಹಾಳೆ ಬೇಡವೇ ಬೇಡ. ಸೋಗೆ ಕಡಿದು, ಬುಡದ ದಪ್ಪ ಭಾಗ ಬಿಟ್ಟು, ನಡುವಿನ ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲ ತೆಗೆದುಕೊಂಡರೆ ಸಾಕು. ಅದಕ್ಕಿಂತ ದೊಡ್ಡದಕ್ಕೆ ಆಸೆಪಟ್ಟರೆ ಅಂಚಿನಲ್ಲಿ ತೆಳ್ಳಗಾಗಿ ಸುರುಳಿ ಸುತ್ತುತ್ತದೆ.

ಹಾಳೆಯ ಒಳಮೈಗೆ ಬಿಳಿಚಿದ ತೆಳು ಪೊರೆ ಇರುತ್ತದೆ. ನುಣುಪಾಗಿದೆ ಎಂದು ಅದರ ಮೇಲೇ ಬರೆಯುವವರು ಹೆಚ್ಚು, ಬಣ್ಣ ಉದುರಿತು ಎಂದು ದೂರುವವರೂ ಅವರೇ. ಉದುರುವುದು ಬಣ್ಣವಲ್ಲ, ಪೊರೆ. ಒಂದು ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಉಗುರಿನಿಂದ ಒಂದು ಮೂಲೆ ಎಬ್ಬಿಸಿದರೆ ಅಗಲವಾಗಿ ಎದ್ದು ಬರುತ್ತದೆ. ಹಾಳೆ ಟೊಪ್ಪಿ ಮಾಡುವವರ ಕೈಕೆಲಸ ನೋಡಿದವರಿಗೆ ಇದು ಸಲೀಸು. ಪೊರೆ ತೆಗೆದ ಮೇಲೆ ತೆಂಗಿನ ಜುಂಗಿನಿಂದ ನಾರಿನ ಉದ್ದಕ್ಕೇ ತಿಕ್ಕಬೇಕು. ಅಡ್ಡ ತಿಕ್ಕಿದರೆ ನಾರು ಏಳುತ್ತದೆ, ಆಮೇಲೆ ಕುಂಚ ಅಲ್ಲಲ್ಲೇ ಎಡವುತ್ತದೆ. ನೀರು ಎರಡು ಮೂರು ಸಲ ಬದಲಿಸಬೇಕು. ಮೊದಲ ನೀರು ಚಹಾ ಬಣ್ಣಕ್ಕೆ ಬರುತ್ತದೆ. ಬೂಷ್ಟಿಗೆ ಊಟವಾಗುವ ಸಿಹಿಯಂಶವೆಲ್ಲ ಅದರಲ್ಲೇ ಹೋಗುವುದು.

ಮುಂದೆ ಸುಣ್ಣದ ತಿಳಿ. ಒಂದು ಕೊಡ ನೀರಿಗೆ ನಿಂಬೆ ಗಾತ್ರದ ಸುಣ್ಣ ಧಾರಾಳ. ನೀರು ಹಿಡಿಯುವಷ್ಟೇ ಸುಣ್ಣ ಹಿಡಿಯುತ್ತದೆ, ಉಳಿದದ್ದು ತಳದಲ್ಲಿ ಕೂರುತ್ತದೆ. ಮೇಲಿನ ತಿಳಿಯಲ್ಲಿ ಅರ್ಧ ಗಂಟೆ ಹಾಳೆ ಮುಳುಗಿಸಿಟ್ಟರೆ ಬಣ್ಣ ತುಸು ಹಳದಿಗೆ ತಿರುಗುತ್ತದೆ. ಇಲ್ಲಿ ಅವಸರ ಮಾಡಿದರೆ ಜುಲೈನಲ್ಲಿ ಗೊತ್ತಾಗುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಒಣಗಿದ ಮೇಲೆ ಹಾಳೆ ಮುರುಕಲಾಗುತ್ತದೆ. ಸುಣ್ಣ ಹತ್ತಿದೆಯೋ ಇಲ್ಲವೋ ನೋಡಲು ಅರಿಶಿನದ ನೀರು ಒಂದು ಹನಿ ಮೂಲೆಗೆ ಬಿಡಿ. ಕೆಂಪಾದರೆ ಸರಿ.

ಒತ್ತುವುದಕ್ಕೆ ಎರಡು ಪ್ಲೈವುಡ್ ಹಲಗೆ, ನಡುವೆ ಹಳೆ ಪೇಪರ್, ಮೇಲೆ ಎರಡು ಜಂಬಿಟ್ಟಿಗೆ ಕಲ್ಲು. ಮೊದಲ ಮೂರು ದಿನ ದಿನಾ ಪೇಪರ್ ಬದಲಿಸಲೇಬೇಕು, ಇಲ್ಲದಿದ್ದರೆ ಅಕ್ಷರವೆಲ್ಲ ಹಾಳೆಗೆ ಇಳಿಯುತ್ತದೆ. ಎಂಟು ಹತ್ತು ದಿನಕ್ಕೆ ಚಪ್ಪಟೆಯಾಗುತ್ತದೆ. ತಟ್ಟೆ ಮಾಡುವ ಘಟಕದ ಬಿಸಿ ಅಚ್ಚಿನಲ್ಲಿ ಒತ್ತಿಸಿದರೆ ಕೆಲಸ ನಿಮಿಷದ್ದು, ಆದರೆ ಮೈ ಗಟ್ಟಿಯಾಗಿ ಹೊಳಪು ಬಂದು ಬಣ್ಣ ಹೀರುವುದಿಲ್ಲ. ಅದಕ್ಕೆ ಕೊಟ್ಟ ದುಡ್ಡು ದಂಡ.

ಇನ್ನು ಅಂಟಿನ ವಿಷಯ. ಇಡೀ ಕೆಲಸ ಕೆಡುವುದೂ ನಿಲ್ಲುವುದೂ ಇಲ್ಲೇ. ಗೇರು ಮರದ ಅಂಟು ಸುಲಭಕ್ಕೆ ಸಿಗುತ್ತದೆ, ಬಿಸಿಲಲ್ಲಿ ಬರೆದಾಗ ಬಣ್ಣಕ್ಕೆ ಒಳ್ಳೆಯ ಕಳೆ ಕೊಡುತ್ತದೆ. ಆರಿದ್ರಾ ಮಳೆ ಹಿಡಿದ ವಾರಕ್ಕೆ ಚಿತ್ರ ಜಿಗುಟಾಗಿ ಮುಟ್ಟಿದವರ ಕೈಗೆ ಬರುತ್ತದೆ. ಬೇಲದ ಅಂಟು ಬಯಲುಸೀಮೆಯಿಂದ ತರಿಸಬೇಕು. ಗೇರಿನದಕ್ಕಿಂತ ಮೇಲು, ಆದರೆ ಅದೂ ನೀರಲ್ಲಿ ಕರಗುವ ಜಾತಿಯೇ. ಅಕ್ಕಿ ಗಂಜಿ ಹಾಕಿದರೆ ಬೂಷ್ಟು ಮೊದಲು, ಜಿರಳೆ ಆಮೇಲೆ. ಅಂಗಡಿಯ ಬಿಳಿ ಅಂಟು ಹಾಕಿದ ಹಾಳೆ ಮೊದಲ ವರ್ಷ ಚೆನ್ನಾಗಿ ಕಂಡು, ಎರಡನೇ ವರ್ಷ ಪದರಕ್ಕೆ ಪದರವೇ ಎದ್ದು ಬಂತು. ಒಳಗಿನ ತೇವ ಹೊರಹೋಗಲು ಅದು ಬಿಡುವುದಿಲ್ಲ, ಹಾಳೆ ಹಿಗ್ಗಿ ಕುಗ್ಗಿದ ಹಾಗೆ ಅದು ಹಿಗ್ಗುವುದೂ ಇಲ್ಲ. ಈ ಪ್ರಯೋಗಗಳಲ್ಲಿ ಕೆಟ್ಟ ಹಾಳೆಗೆ ಬೆಲೆಯಿಲ್ಲ, ಅದರ ಮೇಲೆ ಹೋದ ಬಣ್ಣ, ಕೂಲಿ, ವಾಪಸು ಕೊಟ್ಟ ಹಣ ಸೇರಿದರೆ 20-25 ಸಾವಿರ ಆಗಿರಬಹುದು.

ಕೊನೆಗೆ ನಿಂತದ್ದು ಹುಳಿ ಮಜ್ಜಿಗೆ ಮತ್ತು ಸುಣ್ಣ. ಕಡೆದು ಬೆಣ್ಣೆ ಪೂರ್ತಿ ತೆಗೆದ, ನೀರು ಬೆರೆಸದ ಮಜ್ಜಿಗೆ ಸುಮಾರು ಎರಡು ಲೀಟರ್ ತೆಗೆದುಕೊಂಡು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಬೇಕು. ಕುದಿಸಬಾರದು, ಕುದಿದರೆ ಗಸಿ ರಬ್ಬರಿನಂತಾಗಿ ಅರೆಯಲು ಬರುವುದಿಲ್ಲ. ನೀರು ಬೇರೆ, ಗಸಿ ಬೇರೆ ಆದಾಗ ಪಾಣಿಪಂಚೆಯಲ್ಲಿ ಸೋಸಿ, ತಣ್ಣೀರಲ್ಲಿ ಎರಡು ಸಲ ತೊಳೆದು ಹಿಂಡಿದರೆ ಒಂದು ದೊಡ್ಡ ಮುಷ್ಟಿಯಷ್ಟು ಗಸಿ ಸಿಗುತ್ತದೆ. ಐದು ಪಾಲು ಗಸಿಗೆ ಒಂದು ಪಾಲು ನೀರುಸುಣ್ಣ ಸೇರಿಸಿ ಒರಳಲ್ಲಿ ಅರೆಯಿರಿ. ಮೊದಲು ತರಿತರಿಯಾಗಿರುತ್ತದೆ, ಕಾಲು ಗಂಟೆಯೊಳಗೆ ತರಿ ಕರಗಿ, ಅರೆಪಾರದರ್ಶಕ ಗೋಂದಾಗಿ ಎಳೆ ಬಿಡಲು ಶುರುವಾಗುತ್ತದೆ. ಮತ್ತೆ ಸೋಸಿ, ಅಷ್ಟೇ ಅಳತೆಯ ನೀರು ಬೆರೆಸಿದರೆ ಅಂಟು ಸಿದ್ಧ.

ಪ್ಯಾಕೆಟ್ ಹಾಲಿನಲ್ಲಿ ಮಾಡಿದರೆ ಏಕೆ ಬರುವುದಿಲ್ಲ ಎಂದು ಕೇಳುತ್ತಾರೆ. ಅದರಲ್ಲಿ ಹಲವು ಸಲ ಕೊಬ್ಬು ಬೇರ್ಪಡದ ಹಾಗೆ ಒಡೆದು ಬೆರೆಸಿರುತ್ತಾರೆ, ಕೆನೆ ತೆಗೆದರೂ ಸಾಕಷ್ಟು ಉಳಿಯುತ್ತದೆ. ಕೊಬ್ಬಿಗೆ ಸುಣ್ಣ ಸೇರಿದರೆ ಸಾಬೂನು. ಆ ಅಂಟಿನ ಬಣ್ಣ ಒಣಗಿದ ಮೇಲೂ ಜಾರುತ್ತದೆ, ಮೇಲಿನ ಪದರ ಹಿಡಿಯುವುದಿಲ್ಲ. ಸುಣ್ಣವೂ ಚಿಪ್ಪಿನದೇ ಇರಲಿ, ಗೋಡೆಗೆ ಬಳಿಯುವ ಸುಣ್ಣವಾದರೆ ಬಟ್ಟೆಯಲ್ಲಿ ಸೋಸಿ ಮರಳು ತೆಗೆಯಿರಿ. ಅಂಟು ಅಂದಂದಿಗೇ ಮಾಡಿ ಅಂದಂದಿಗೇ ಮುಗಿಸಬೇಕು. ಮರುದಿನಕ್ಕೆ ನೀರಾಗಿ, ಮೂಗು ಮುಚ್ಚಿಕೊಳ್ಳುವ ನಾತ ಹೊಡೆಯುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಅಷ್ಟೇ, ಮನೆಯವರ ಬೈಗುಳ ಹೆಚ್ಚುವರಿ.

ಮಣ್ಣು ಎಲ್ಲಿಂದ ತರುವುದು ಎಂಬುದಕ್ಕೆ ರಸ್ತೆ ಅಗಲ ಮಾಡಲು ಧರೆ ಕಡಿದ ಜಾಗ ನೋಡಿ ಎಂದಷ್ಟೇ ಹೇಳುತ್ತೇನೆ. ನಮ್ಮ ಕಡೆ ಒಂದೇ ಧರೆಯಲ್ಲಿ ಮೇಲೆ ಕೆಂಪು, ಕೆಳಗೆ ಹಳದಿ, ಇನ್ನೂ ಕೆಳಗೆ ಬಿಳಿಚಿದ ಶೇಡಿ ಸಿಗುವ ಜಾಗಗಳಿವೆ; ನನ್ನ ಜಾಗ ಯಾವುದೆಂದು ಬರೆದರೆ ಮುಂದಿನ ವರ್ಷ ಅಲ್ಲಿ ಧರೆ ಇರುವುದಿಲ್ಲ. ಐದು ಕಿಲೋ ಕೆಮ್ಮಣ್ಣು ನೆನೆಸಿ, ಕಲಕಿ, ಅರ್ಧ ನಿಮಿಷ ಬಿಟ್ಟು ಮೇಲಿನದನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಬೇಕು. ಮರಳು ತಳದಲ್ಲುಳಿಯುತ್ತದೆ. ಬಗ್ಗಿಸಿದ ನೀರನ್ನು ಮತ್ತೆ ಕಲಕಿ ಮೂರು ನಾಲ್ಕು ನಿಮಿಷ ಬಿಟ್ಟು ಇನ್ನೊಮ್ಮೆ ಬಗ್ಗಿಸಬೇಕು. ಈ ಎರಡನೇ ಬಗ್ಗಿಸಿದ ನೀರಲ್ಲಿರುವುದೇ ಬಣ್ಣ. ಅದು ಕೂರಲು ದಿನಗಟ್ಟಲೆ ಸತಾಯಿಸುತ್ತದೆ. ಒಂದು ಲೋಟ ಸುಣ್ಣದ ತಿಳಿ ಹಾಕಿದರೆ ರಾತ್ರಿ ಕಳೆಯುವುದರೊಳಗೆ ಗಡ್ಡೆಗಟ್ಟಿ ಕೂರುತ್ತದೆ. ಒಣಗಿಸಿದಾಗ ಮುಕ್ಕಾಲು ಕಿಲೋ ಸಿಕ್ಕರೆ ಒಳ್ಳೆಯ ಮಣ್ಣು. ಬೆರಳ ನಡುವೆ ಉಜ್ಜಿದಾಗ ತರಿ ಸಿಗಬಾರದು. ಹಲ್ಲಿಗೆ ಹಾಕಿ ನೋಡುವವರೂ ಇದ್ದಾರೆ, ನಾನೂ ನೋಡುತ್ತೇನೆ.

ಹಳದಿ ಮಣ್ಣಿನ ಲಾಭ ಬೇರೆ. ಹೆಂಚಿನ ಮೇಲೆ ಹುರಿದರೆ ಅದು ಮೊದಲು ಕಿತ್ತಳೆಗೆ, ಆಮೇಲೆ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಕಬ್ಬಿಣದ ತುಕ್ಕಿನಂಶ ಹಿಡಿದಿಟ್ಟುಕೊಂಡ ನೀರನ್ನು ಬಿಸಿ ಹೊರಹಾಕುವುದರಿಂದ ಹೀಗಾಗುವುದು. ಹುರಿಯುತ್ತಾ ಐದೈದು ನಿಮಿಷಕ್ಕೆ ಒಂದು ಚಮಚ ತೆಗೆದಿಡುತ್ತಾ ಹೋದರೆ ಒಂದೇ ಧರೆಯ ಮಣ್ಣಿನಲ್ಲಿ ಐದಾರು ಛಾಯೆ ಕೈಗೆ ಬರುತ್ತವೆ. ಗೊನೆ ಬಲಿತು ಹಣ್ಣಾಗುವ ಬಣ್ಣವನ್ನು ಇದರಲ್ಲೇ ಹಿಡಿಯಬಹುದು. ಒಂದು ರೂಪಾಯಿಯೂ ಖರ್ಚಿಲ್ಲದ ಈ ಸಾಲನ್ನು ಅಂಗಡಿಯ ಟ್ಯೂಬಿನಲ್ಲಿ ಕೊಳ್ಳಲು ಹೋದರೆ ಸಾವಿರ ದಾಟುತ್ತದೆ.

ಬಿಳಿಗೆ ಶೇಡಿ, ಅದಕ್ಕೆ ಸ್ವಲ್ಪ ಸುಣ್ಣ. ಕಪ್ಪಿಗೆ ಸುಟ್ಟ ಅಕ್ಕಿ. ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಹಸೆ ಚಿತ್ತಾರಕ್ಕೆ ಮಾಡುವ ಹಾಗೆಯೇ ಅಕ್ಕಿಯನ್ನು ಕರ್ರಗೆ ಹುರಿದು, ರಾತ್ರಿ ನೆನೆಹಾಕಿ, ನುಣ್ಣಗೆ ಅರೆಯುವುದು. ಒಳಗೆ ಕಂದು ಉಳಿದರೆ ಅಲ್ಲಿ ಹಿಟ್ಟಿನಂಶ ಇದೆ ಎಂದರ್ಥ, ಅದಕ್ಕೆ ಬೂಷ್ಟು ಬರುತ್ತದೆ. ಕಾಳು ಚಿವುಟಿದರೆ ನಡುವೆಯೂ ಇದ್ದಿಲಾಗಿರಬೇಕು. ಚಿತ್ತಾರದ ಹಳದಿಗೆ ಬಳಸುವ ಗುರಿಗೆ ಬೀಜವನ್ನೂ ಬಿಳಿಯ ಅಕ್ಕಿ ಹಿಟ್ಟನ್ನೂ ನಾನು ಹಾಳೆಗೆ ತರಲಿಲ್ಲ. ಅವು ಗೋಡೆಗೆ ಸರಿ; ಗೋಡೆಗೆ ಮುಂದಿನ ಮದುವೆ ಹೊತ್ತಿಗೆ ಹೊಸದಾಗಿ ಬರೆಯುತ್ತಾರೆ. ಮಾರಿದ ಹಾಳೆಯನ್ನು ಹಾಗೆ ಮತ್ತೆ ಬರೆದುಕೊಡಲು ಆಗುವುದಿಲ್ಲವಲ್ಲ. ಚಿತ್ತಾರದ ವಿನ್ಯಾಸಗಳನ್ನೂ ನಾನು ಎತ್ತುವುದಿಲ್ಲ. ಅದರ ಲೆಕ್ಕ, ಎಳೆ, ಹೆಸರು ಬಲ್ಲವರು ಇದ್ದಾರೆ, ಅವರಿಂದಲೇ ಕೊಳ್ಳಿ. ಅವರಿಂದ ಪಡೆದದ್ದು ಪುಂಡಿ ನಾರಿನ ಕುಂಚ ಮಾತ್ರ. ಗೀಟು ಎಳೆಯಲು ಅದಕ್ಕೆ ಸಮವಾದ್ದು ಅಂಗಡಿಯಲ್ಲಿಲ್ಲ. ಸುಣ್ಣದಂಟಿನಲ್ಲಿ ಕೂದಲಿನ ಕುಂಚ ತಿಂಗಳಲ್ಲಿ ಬೋಳಾಗುತ್ತದೆ, ನಾರಿನದು ಬಾಳುತ್ತದೆ.

ಸುಣ್ಣಕ್ಕೆ ಒಗ್ಗದ ಬಣ್ಣಗಳ ಪಟ್ಟಿ ಉದ್ದವಿದೆ. ಅರಿಶಿನ ಕೆಂಪಾಗುತ್ತದೆ, ಬಿಸಿಲಿಗೆ ಆ ಕೆಂಪೂ ಹಾರುತ್ತದೆ. ಶಂಖಪುಷ್ಪದ ನೀಲಿ ಹಸಿರಾಗಿ, ಹಸಿರು ಕೊಳೆ ಬಣ್ಣವಾಗಿ ಮುಗಿಯುತ್ತದೆ. ಎಲೆ ಅರೆದ ಹಸಿರಿನ ಆಯುಷ್ಯ ಹದಿನೈದು ದಿನ. ಮಲೆನಾಡಿನ ಚಿತ್ರದಲ್ಲಿ ಹಸಿರಿಲ್ಲದಿದ್ದರೆ ಹೇಗೆ ಎಂದು ಆಕ್ಷೇಪಿಸುವವರಿಗೆ ಹಳದಿ ಮಣ್ಣಿಗೆ ಸುಟ್ಟಕ್ಕಿ ಕಪ್ಪು ಬೆರೆಸಿ ತೋರಿಸಿ. ಪಕ್ಕದಲ್ಲಿ ಕೆಮ್ಮಣ್ಣು ಇದ್ದರೆ ಕಣ್ಣು ಅದನ್ನು ಹಸಿರೆಂದೇ ಓದುತ್ತದೆ, ಪಾಚಿ ಹಿಡಿದ ಅಗಳಿನ, ಅಂದರೆ ತೋಟದ ಕಂದಕದ, ಹಸಿರು.

ಚೊಗರಿನ, ಅಂದರೆ ಅಡಿಕೆ ಬೇಯಿಸಿದಾಗ ಇಳಿಯುವ ಕಂದು ಒಗರು ರಸದ, ಮಾತು ಬಾರದೆ ಇರುವುದಿಲ್ಲ. ಹೆಗ್ಗೋಡಿನ ಚರಕ ಕೈಮಗ್ಗ ಸಂಘದವರು ಅಡಿಕೆ ಚೊಗರಿನಲ್ಲಿ ಬಟ್ಟೆಗೆ ಬಣ್ಣ ಕಟ್ಟುತ್ತಾರೆ, ಹಾಳೆಗೇಕೆ ಆಗಬಾರದು ಎಂದು ನೋಡಿದೆ. ಸುಣ್ಣ ಹತ್ತಿಸಿದ ಹಾಳೆಗೆ ಅಡಿಕೆ ಬೇಯಿಸಿದ ಚೊಗರು ಬಳಿದರೆ ತಾಂಬೂಲದ ಕೆಂಪೇ ಬರುತ್ತದೆ. ಎಲೆ-ಅಡಿಕೆ ಬಾಯಲ್ಲಿ ಕೆಂಪಾಗುವ ಕಾರಣವೂ ಇದೇ. ಆ ಕೆಂಪು ಬರಬರುತ್ತಾ ಕಂದಾಗುತ್ತದೆ, ಆದರೆ ಹಿನ್ನೆಲೆಗೆ ಅದಕ್ಕಿಂತ ಚೆಂದದ್ದಿಲ್ಲ. ಹೊಸ ಚೊಗರು ತೆಳು, ಎರಡು ಮೂರು ಕೈ ಬೇಕು. ಹಿಂದಿನ ವರ್ಷದ ಗಟ್ಟಿ ಚೊಗರು ಒಂದೇ ಕೈಗೆ ಸಾಕು, ಆದರೆ ದಪ್ಪ ಬಳಿದರೆ ಬೆಲ್ಲದ ಪಾಕದ ಹಾಗೆ ಬಿರುಕು ಬಿಡುತ್ತದೆ.

ಚೊಗರಿಗೆ ಕಬ್ಬಿಣ-ಬೆಲ್ಲದ ನೀರು ಸೇರಿಸಿ ಕಪ್ಪು ಶಾಯಿ ಮಾಡುವುದು ಹಲವರಿಗೆ ಗೊತ್ತು. ತುಕ್ಕು ಮೊಳೆ, ಬೆಲ್ಲ, ನೀರು ಹಾಕಿ ಎರಡು ಮೂರು ವಾರ ಹುಳಿ ಬರಿಸಿದ್ದು. ಅಡಿಕೆಯದು ಹಸಿರು ಮಿಶ್ರಿತ ಕಪ್ಪು, ಅಳಲೆಕಾಯಿಯದು ನೀಲಿ ಮಿಶ್ರಿತ ಕಪ್ಪು. ಕಾಗದಕ್ಕೆ ಎರಡೂ ಒಳ್ಳೆಯವು. ಸುಣ್ಣದ ಹಾಳೆ ಮೇಲೆ ಮಾತ್ರ ಎರಡೂ ಸೋಲುತ್ತವೆ. ಸಂಜೆ ಬರೆದ ಕಪ್ಪು ಗೆರೆ ಮರುದಿನ ಹೊಗೆಸೊಪ್ಪಿನ ಬಣ್ಣಕ್ಕೆ ಬಂದಿರುತ್ತದೆ, ಸುಣ್ಣ ಕಬ್ಬಿಣವನ್ನು ತುಕ್ಕಾಗಿಸಿ ಕೆಡವುತ್ತದೆ. ಜತೆಗೆ ಶಾಯಿ ನಾರಿನುದ್ದಕ್ಕೂ ಹರಿಯುತ್ತದೆ. ಹಾಗಾಗಿ ಹಾಳೆಗೆ ಇದ್ದಿಲ ಕಪ್ಪೇ ಗತಿ.

ಆ ಕಬ್ಬಿಣದ ನೀರು ವ್ಯರ್ಥವಾಗಲಿಲ್ಲ. ಬೆಳೆದ ಹಸಿ ಅಡಿಕೆಯನ್ನು ಅಡ್ಡ ಸೀಳಿ, ಕಬ್ಬಿಣದ ನೀರಲ್ಲಿ ತೋಯಿಸಿ ಅರೆ ಒಣಗಿದ ಕಾಗದದ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಹೋಳಿನ ಕಂದು ನರಗಳಲ್ಲಿ ಚೊಗರು ಹೆಚ್ಚು, ಬಿಳಿ ಭಾಗದಲ್ಲಿ ಕಡಿಮೆ. ಕಾಗದದ ಮೇಲೆ ನರಗಳಷ್ಟೇ ಕಪ್ಪಾಗಿ ಮೂಡುತ್ತವೆ. ಒಂದು ಅಡಿಕೆಯಂತೆ ಇನ್ನೊಂದಿಲ್ಲ. ಒಂದು ಹೋಳಿನಿಂದ ಮೂರು ನಾಲ್ಕು ಅಚ್ಚು ಬರುತ್ತದೆ, ಆಮೇಲೆ ಮಂಕು. ಬಣ್ಣವೇ ಇಲ್ಲದೆ ಕಾಯಿ ತನ್ನ ಚಿತ್ರ ತಾನೇ ಬರೆಯುವ ಈ ಕಾರ್ಡುಗಳು 40 ರೂಪಾಯಿಗೆ ಒಂದರಂತೆ ಹೋಗುತ್ತವೆ, ಹಾಳೆಗಿಂತ ಬೇಗ ಖರ್ಚಾಗುತ್ತವೆ. ಸಿಂಗಾರದ (ಅಡಿಕೆ ಹೂಗೊಂಚಲಿನ) ಎಸಳು, ಜರಿಗಿಡ ಇದರಲ್ಲಿ ಅಷ್ಟು ಚೆನ್ನಾಗಿ ಬರಲಿಲ್ಲ.

ಹಾಳೆಗೆ ವಾಪಸು. ಬಣ್ಣಕ್ಕೆ ಮೊದಲು ನೆಲಪದರ ಒಂದು ಬೇಕು: ಶೇಡಿ ಎರಡು ಪಾಲು, ಅಂಟು ಒಂದು ಪಾಲು, ನೀರು ಬೇಕಾದಷ್ಟು, ತೆಳ್ಳಗೆ ಎರಡು ಕೈ. ಬರೀ ಇಷ್ಟೇ ಹಾಕಿದರೆ ಹಾಳೆ ಹಿಗ್ಗಿದಾಗ ಕೂದಲೆಳೆ ಬಿರುಕು ಬರುತ್ತದೆ, ಏಕೆಂದರೆ ಸುಣ್ಣದಂಟು ಒಣಗಿದ ಮೇಲೆ ಬಾಗುವುದಿಲ್ಲ. ಈ ಪದರದಲ್ಲಿ ಅತಿ ಸಣ್ಣ ನಾರಿನಂಶ ಇರಬೇಕು. ನಾನು ಏನು ಹಾಕುತ್ತೇನೆ, ಎಷ್ಟು ಹಾಕುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಭೂಮಿ ಹುಣ್ಣಿಮೆ ಹಬ್ಬಕ್ಕೆ ಚಿತ್ತಾರ ಬರೆಯುವ ಬಿದಿರು ಬುಟ್ಟಿಗೆ ಕೆಮ್ಮಣ್ಣಿನ ಮೊದಲು ಏನು ಬಳಿಯುತ್ತಾರೆ, ಬಿದಿರು ಬಾಗಿದರೂ ಮಣ್ಣು ಏಕೆ ಉದುರುವುದಿಲ್ಲ ಎಂದು ನೋಡಿದವರಿಗೆ ಅರ್ಧ ಉತ್ತರ ಸಿಗುತ್ತದೆ.

ಬಣ್ಣದ ಹದ ಹೀಗೆ: ನೀರಲ್ಲಿ ಅರೆದ ಮಣ್ಣಿನ ಮುದ್ದೆ ಒಂದು ಪಾಲು, ಅಂಟು ಒಂದು ಪಾಲು. ತುಂಡು ಹಾಳೆಗೆ ಬಳಿದು ಒಣಗಿದ ಮೇಲೆ ಹೆಬ್ಬೆರಳಲ್ಲಿ ಉಜ್ಜಿ. ಪುಡಿ ಬಂದರೆ ಅಂಟು ಸಾಲದು, ಹೊಳೆದರೆ ಅಂಟು ಹೆಚ್ಚಾಯಿತು, ಮಳೆಗೆ ಸಿಪ್ಪೆ ಏಳುತ್ತದೆ. ಎರಡು ತೆಳು ಪದರ ಒಂದು ದಪ್ಪ ಪದರಕ್ಕಿಂತ ಯಾವತ್ತೂ ಮೇಲು. ನೀರಿಗೆ ಜಗ್ಗದಷ್ಟು ಗಟ್ಟಿಯಾಗಲು ಒಂದು ವಾರ ಬೇಕು, ಅಲ್ಲಿಯವರೆಗೆ ಯಾರಿಗೂ ಮುಟ್ಟಲು ಕೊಡಬೇಡಿ.

ಏನು ಬರೆಯುವುದು ಎಂಬುದನ್ನು ಹಾಳೆಯೇ ಸ್ವಲ್ಪ ಮಟ್ಟಿಗೆ ತೀರ್ಮಾನಿಸುತ್ತದೆ. ಉದ್ದುದ್ದ ನಾರು ಇರುವ ಜಾಗದಲ್ಲಿ ಸಣ್ಣ ಮುಖ, ಹಕ್ಕಿಯ ಕಣ್ಣು ಕೂರುವುದಿಲ್ಲ. ಮಳೆ ಕೂರುತ್ತದೆ. ಬಣ್ಣ ಬಳಿದು ಒಂದೆರಡು ಗಂಟೆಗೆ, ಇನ್ನೂ ತಣ್ಣಗಿರುವಾಗ, ದಬ್ಬಣದಿಂದ ನಾರಿನ ಮೇಲೇ ಗೀರಿದರೆ ಒಳಗಿನ ಚೊಗರಿನ ಕೆಂಪು ಗೆರೆಗೆರೆಯಾಗಿ ಕಾಣುತ್ತದೆ. ಮರುದಿನಕ್ಕೆ ಬಿಟ್ಟರೆ ಗೀರಿದಲ್ಲಿ ಚಕ್ಕೆ ಏಳುತ್ತದೆ. ಅಡಿಕೆ ಮರದ ಉಂಗುರ, ಅದರ ಮೇಲಿನ ಕಲ್ಲುಹೂವಿನ ಬಿಳಿ ಮಚ್ಚೆ, ತಟ್ಟಿ ಮೇಲೆ ಹರವಿದ ಅಡಿಕೆ, ಮಳೆಗೆ ಕೊಟ್ಟೆ (ಹೊದಿಕೆ) ಕಟ್ಟಿದ ಗೊನೆ, ಕಂಬಳಿಕೊಪ್ಪೆ ಹಾಕಿ ಬಗ್ಗಿದ ಬೆನ್ನು: ಇವೆಲ್ಲ ದೊಡ್ಡ ಆಕಾರ, ಹಾಳೆಗೆ ಹೇಳಿಮಾಡಿಸಿದವು. ಜೋಗ ಬರೆದುಕೊಡಿ ಎನ್ನುವವರು ಬಹಳ. ಜೋಗದ ಫೋಟೊ ಎಲ್ಲರ ಮನೆಯಲ್ಲೂ ಇದೆ, ಮನೆ ಹಿಂದಿನ ಅಬ್ಬಿಯದು ಯಾರಲ್ಲೂ ಇಲ್ಲ ಎಂದರೆ ಕೆಲವರು ಒಪ್ಪುತ್ತಾರೆ.

ಹಿಂಬದಿಗೆ ಬೋರ್ಡೋ ದ್ರಾವಣ. ನಗುವವರು ನಗಲಿ, ಕೊಳೆರೋಗದ ಮದ್ದು ಬೂಷ್ಟಿಗೂ ಮದ್ದೇ. ತೋಟಕ್ಕೆ ಮಾಡುವ ಶೇಕಡಾ 1ರ ಲೆಕ್ಕವೇ: ಒಂದು ಲೀಟರಿಗೆ ಮೈಲುತುತ್ತ 10 ಗ್ರಾಂ, ಸುಣ್ಣ 10 ಗ್ರಾಂ. ಹಿಂಬದಿಗೆ ಮಾತ್ರ ಎರಡು ಕೈ, ಮುಂಭಾಗಕ್ಕೆ ತಾಗಿದರೆ ನೀಲಿ ಕಲೆ. ಕೈಗವಸು ಬೇಕು, ಒಣಗಿದ ಮೇಲೆ ಉಜ್ಜಿ ಧೂಳೆಬ್ಬಿಸಬಾರದು, ಇದರ ಚೂರುಪಾರು ತಟ್ಟೆ-ದೊನ್ನೆಯ ಹಾಳೆಗಳ ಜತೆ ಸೇರಲೇಬಾರದು, ಒಲೆಗೂ ಹಾಕಬಾರದು. ತೋಟದಲ್ಲೇ ಔಷಧಿ ಬಿದ್ದು ನೀಲಿ ಚುಕ್ಕಿಯಾದ ಹಾಳೆ ಕೆಲವೊಮ್ಮೆ ಸಿಗುತ್ತದೆ. ಅದನ್ನು ಎಸೆಯಬೇಡಿ, ಆ ಚುಕ್ಕಿಗಳ ಸುತ್ತ ಬರೆದರೆ ಮರದ ಮಚ್ಚೆಗಳ ಕೆಲಸ ಅರ್ಧ ಮುಗಿದಿರುತ್ತದೆ.

ಮೇಲ್ಪದರಕ್ಕೆ ಗ್ರಂಧಿಗೆ ಅಂಗಡಿಯ ರಾಳ. ನೂರು ಗ್ರಾಂ ಪುಡಿಗೆ ಟರ್ಪೆಂಟೈನ್ 300 ಮಿಲಿಯಷ್ಟು ಹಾಕಿ, ಬಾಟಲಿ ಮುಚ್ಚಿ ಬಿಸಿಲಲ್ಲಿಟ್ಟು ಆಗಾಗ ಅಲ್ಲಾಡಿಸಿದರೆ ಎರಡು ಮೂರು ದಿನಕ್ಕೆ ಕರಗುತ್ತದೆ. ಒಲೆಯ ಹತ್ತಿರ ಒಯ್ಯಬೇಡಿ. ಸೋಸಿ, ಒಂದೇ ತೆಳು ಕೈ. ಇದು ಮೇ ಮೊದಲ ವಾರದೊಳಗೆ ಮುಗಿಯಬೇಕು. ಗಾಳಿಯಲ್ಲಿ ತೇವ ಬಂದ ಮೇಲೆ ಬಳಿದರೆ ಮಂಜು ಕವಿದ ಹಾಗೆ ಬಿಳಿಚಿಕೊಳ್ಳುತ್ತದೆ, ಅದನ್ನು ಟರ್ಪೆಂಟೈನಿನಲ್ಲಿ ಒರೆಸಿ ಮತ್ತೆ ಮಾಡಬೇಕು. ನೀರು ಹಾಳೆಗೆ ಇಳಿಯುವುದು ಮುಖದಿಂದಲ್ಲ, ಕತ್ತರಿಸಿದ ಅಂಚಿನಿಂದ. ಅಂಚಿಗೆ ಜೇನುಮೇಣ ಕರಗಿಸಿ ಬಿಸಿಬಿಸಿಯಾಗಿ ಕುಡಿಸಬೇಕು. ಇದೊಂದನ್ನು ಬಿಟ್ಟರೆ ಮೇಲೆ ಹೇಳಿದ್ದಷ್ಟೂ ದಂಡ.

ಹಾಳೆ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಹಿಂದೆ ಅಡಿಕೆ ದಬ್ಬೆಯ ಎರಡು ಪಟ್ಟಿ ಅಡ್ಡ ಕೊಟ್ಟು ನಾಲ್ಕೂ ಕಡೆ ಮೊಳೆ ಹೊಡೆದರೆ ಬೇಸಿಗೆಯಲ್ಲಿ ಕುಗ್ಗಿ ನಾರಿನುದ್ದಕ್ಕೆ ಸೀಳುತ್ತದೆ. ನಡುವೆ ಮಾತ್ರ ತಾಮ್ರದ ತಂತಿಯಿಂದ ಬಿಗಿದು, ತುದಿಗಳಲ್ಲಿ ಉದ್ದನೆಯ ತೂತು ಮಾಡಿ ಸಡಿಲ ಹೊಲಿಗೆ ಹಾಕಿ, ಸರಿದಾಡಲು ಬಿಡಿ. ಗಾಜಿನ ಫ್ರೇಮು ಹಾಕಿಸಿದವರ ಹಾಳೆಗೇ ಮೊದಲು ಬೂಷ್ಟು ಬಂದದ್ದು, ಒಳಗೆ ಸಿಕ್ಕ ತೇವಕ್ಕೆ ದಾರಿಯಿಲ್ಲ. ಫ್ರೇಮಿಗೆ 450 ಕೊಟ್ಟು ಚಿತ್ರ ಕೆಡಿಸಿಕೊಳ್ಳುವುದು ಬೇಡ.

ಲೆಕ್ಕ ಕೇಳುವವರಿಗೆ: ಹಾಳೆಗೆ ಎರಡು ರೂಪಾಯಿ, ಸುಣ್ಣ-ಶೇಡಿ-ಮಜ್ಜಿಗೆ ಎಲ್ಲ ಸೇರಿ ಹತ್ತು, ರಾಳ-ಟರ್ಪೆಂಟೈನ್ ಇಪ್ಪತ್ತೈದರಷ್ಟು, ಮೇಣ ಹದಿನೈದು, ದಬ್ಬೆ-ತಂತಿ ಇಪ್ಪತ್ತು. ಸಾಮಾನಿನ ಖರ್ಚು 75 ದಾಟುವುದಿಲ್ಲ. ಕೈಕೆಲಸ ಎರಡು ದಿನದ್ದು, ಒಟ್ಟಿಗೆ ಹತ್ತು ಹಾಳೆ ಹಿಡಿದರೆ ಒಂದಕ್ಕೆ ಒಂದು ದಿನಕ್ಕಿಳಿಯುತ್ತದೆ. ಹತ್ತರಲ್ಲಿ ಎರಡು ಈಗಲೂ ಕೆಡುತ್ತವೆ, ಬೆಲೆ ಕಟ್ಟುವಾಗ ಅದನ್ನೂ ಸೇರಿಸಿ. ನೇರ ಮಾರಿದರೆ 800-900 ಸಿಗುತ್ತದೆ. ಅಂಗಡಿಯಲ್ಲಿಟ್ಟರೆ ನೂರಕ್ಕೆ 40 ಅವರಿಗೇ, ಅದೂ ಮಾರಿ ಮೂರು ತಿಂಗಳ ಮೇಲೆ; ಜತೆಗೆ ಹಾಳೆಗಳನ್ನು ಒಂದರ ಮೇಲೊಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡುತ್ತಾರೆ. ಹಾಗೆ ಸುತ್ತಿಡುವುದಾದರೆ ಕೊಡಬೇಡಿ, ನಡುವೆ ಪೇಪರ್ ಹಾಕಿ ನಿಲ್ಲಿಸಿಡುವವರಿಗೆ ಮಾತ್ರ ಕೊಡಿ. ಕೊಂಡವರಿಗೆ ಹೇಳಬೇಕಾದ್ದು ಒಂದೇ: ಗೋಡೆಗೆ ಒತ್ತಿ ತೂಗುಹಾಕದೆ, ಹಿಂದೆ ಅರ್ಧ ಇಂಚು ಗಾಳಿಯಾಡಲು ಬಿಡಿ, ಸೆಪ್ಟೆಂಬರಿನಲ್ಲಿ ಒಮ್ಮೆ ಒಣ ಬಟ್ಟೆಯಲ್ಲಿ ಹಿಂಬದಿ ಒತ್ತಿ ನೋಡಿ, ತೇವ ಸಿಕ್ಕರೆ ಅಟ್ಟದ ಬಿಸಿಗೆ ಎರಡು ದಿನ ಇಡಿ.